ಉಡುಗೊರೆ ಪ್ರಾಣಿಗೆ, ತೃಪ್ತಿ ಒಡೆಯನಿಗೆ

ಸಾಕುಪ್ರಾಣಿಗಳ ಹಬ್ಬದ ವ್ಯಾಪಾರ: ಅದರ ಒಳಮರ್ಮ ಮತ್ತು ಸಣ್ಣ ಉತ್ಪಾದಕರು ಗಮನಿಸಬೇಕಾದ ಅಂಶಗಳು

ಯಾವುದೇ ವ್ಯಾಪಾರದಲ್ಲಿ ಮಾರುವವನು, ಕೊಳ್ಳುವವನು ಮತ್ತು ಬಳಸುವವನು ಎಂಬ ಮೂವರು ಇರುತ್ತಾರೆ. ಬಹುಪಾಲು ಸರಕುಗಳಲ್ಲಿ ಕೊಳ್ಳುವವನೇ ಬಳಸುವವನೂ ಆಗಿರುವುದರಿಂದ ವರ್ತಕನು ಈ ಭೇದವನ್ನು ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಬಳಸುವವನಿಗೆ ಸರಕಿನ ಬೆಲೆ ತಿಳಿಯದು, ಬ್ರಾಂಡಿನ ಹೆಸರು ತಿಳಿಯದು, ಅಂದು ಹಬ್ಬವೆಂಬುದೂ ತಿಳಿಯದು ಎನ್ನುವಂತಹ ಒಂದು ಮಾರುಕಟ್ಟೆ ಪಾಶ್ಚಾತ್ಯ ದೇಶಗಳಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಅದೇ ಸಾಕುಪ್ರಾಣಿಗಳಿಗೆ ಹಬ್ಬದ ಉಡುಗೊರೆ ಕೊಡುವವರ ಮಾರುಕಟ್ಟೆ.

ಡಿಸೆಂಬರ್ ಸಮೀಪಿಸುತ್ತಿದ್ದಂತೆಯೇ ಅಮೆರಿಕ ಹಾಗೂ ಬ್ರಿಟನ್ನಿನ ಅಂಗಡಿಗಳಲ್ಲಿ ನಾಯಿಯ ಹೆಸರು ಬರೆದ ಕ್ರಿಸ್‌ಮಸ್ ಕಾಲುಚೀಲಗಳು, ಬೆಕ್ಕಿಗಾಗಿ ದಿನಕ್ಕೊಂದು ತಿನಿಸನ್ನು ಅಡಗಿಸಿಟ್ಟ 24 ಕಿಟಕಿಗಳ ಅಡ್ವೆಂಟ್ ಕ್ಯಾಲೆಂಡರ್‌ಗಳು, ಹಿಮಸಾರಂಗದ ಕೊಂಬಿನಾಕಾರದ ಟೋಪಿಗಳು, ಕೆಂಪು ಹಸಿರು ಬಣ್ಣದ ಸ್ವೆಟರ್‌ಗಳು ಸಾಲುಗಟ್ಟುತ್ತವೆ. ಇದನ್ನು ಸಿರಿವಂತರ ಹುಚ್ಚೆಂದು ನಕ್ಕು ಬಿಡುವುದು ಸುಲಭ. ಆದರೆ ಕೊಳ್ಳುವವನು ಏಕೆ ಕೊಳ್ಳುತ್ತಾನೆ ಎಂಬುದನ್ನು ಅರಿಯುವುದು ವರ್ತಕನ ಧರ್ಮ. ಆ ಕಾರಣಗಳನ್ನು ಬಿಡಿಸಿ ನೋಡಿದರೆ ಕರ್ನಾಟಕದ ಸಂತೆಗಳಿಗೂ ಅವು ಹೊಸತಲ್ಲವೆಂಬುದು ತಿಳಿದುಬರುತ್ತದೆ.

ಬಿಸ್ಕತ್ತಿನಿಂದ ಆರಂಭವಾದ ಉದ್ಯಮ

ಪ್ರಾಣಿಗಳಿಗಾಗಿ ಪ್ರತ್ಯೇಕ ಸರಕು ತಯಾರಿಸಿ ಮಾರುವ ಉದ್ಯಮಕ್ಕೆ ಒಂದೂವರೆ ಶತಮಾನಕ್ಕೂ ಮಿಗಿಲಾದ ಇತಿಹಾಸವಿದೆ. ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ 1860ರ ಸುಮಾರಿಗೆ ಲಂಡನ್ನಿನಲ್ಲಿ ನಾಯಿಗಳಿಗೆಂದೇ ಬಿಸ್ಕತ್ತು ತಯಾರಿಸಿ ಮಾರಲಾರಂಭಿಸಿದನು. ಹಡಗುಕಟ್ಟೆಯಲ್ಲಿ ನಾವಿಕರ ಒಣ ಬಿಸ್ಕತ್ತುಗಳನ್ನು ಬೀದಿನಾಯಿಗಳು ತಿನ್ನುವುದನ್ನು ಕಂಡು ಅವನಿಗೆ ಈ ಆಲೋಚನೆ ಹೊಳೆಯಿತೆಂಬ ಕಥೆ ಪ್ರಸಿದ್ಧವಾಗಿದೆ. ಅವನ ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ಕ್ರಫ್ಟ್ ಎಂಬಾತನು 1891ರಲ್ಲಿ ತನ್ನ ಹೆಸರಿನ ಶ್ವಾನ ಪ್ರದರ್ಶನವನ್ನು ಆರಂಭಿಸಿದನು. ಇಂದಿಗೂ ನಡೆಯುತ್ತಿರುವ ‘ಕ್ರಫ್ಟ್ಸ್’ ಪ್ರದರ್ಶನವೇ ಅದು. ಹೀಗೆ ತಿನಿಸು ಮಾರುವುದು ಮತ್ತು ಪ್ರಾಣಿಯನ್ನು ನಾಲ್ಕು ಜನರೆದುರು ಮೆರೆಸುವುದು ಈ ಉದ್ಯಮದಲ್ಲಿ ಬಹುಕಾಲದಿಂದ ಜೊತೆಜೊತೆಗೆ ಸಾಗಿವೆ.

ಅಮೆರಿಕದ ಸಾಕುಪ್ರಾಣಿ ಉತ್ಪನ್ನ ತಯಾರಕರ ಸಂಘವಾದ ಎ.ಪಿ.ಪಿ.ಎ. ಪ್ರಕಟಿಸಿರುವ ಅಂಕಿ-ಅಂಶಗಳ ಪ್ರಕಾರ 1994ರಲ್ಲಿ ಆ ದೇಶದ ಜನರು ಸಾಕುಪ್ರಾಣಿಗಳಿಗಾಗಿ ಮಾಡಿದ ವೆಚ್ಚ ಸುಮಾರು 1,700 ಕೋಟಿ ಡಾಲರ್. 2023ರಲ್ಲಿ ಅದು ಸುಮಾರು 14,700 ಕೋಟಿ ಡಾಲರ್‌ಗೆ ಏರಿತು. ಆಹಾರ, ವೈದ್ಯಕೀಯ ಶುಶ್ರೂಷೆ, ಆಟಿಕೆ, ಔಷಧಿ, ಸೇವೆಗಳೆಲ್ಲವೂ ಇದರಲ್ಲಿ ಸೇರಿವೆ. ಅದೇ ಸಂಘದ 2023-24ರ ಸಮೀಕ್ಷೆಯಂತೆ ಶೇ. 66ರಷ್ಟು, ಅಂದರೆ ಸುಮಾರು 8.7 ಕೋಟಿ ಕುಟುಂಬಗಳಲ್ಲಿ ಒಂದಾದರೂ ಸಾಕುಪ್ರಾಣಿ ಇತ್ತು. ಹಬ್ಬದ ವೆಚ್ಚ ಇದರಲ್ಲಿ ಸಣ್ಣ ಪಾಲಾದರೂ ಕಡೆಗಣಿಸುವಂಥದ್ದಲ್ಲ. ಹ್ಯಾಲೊವೀನ್ ಹಬ್ಬದಂದು ಪ್ರಾಣಿಗಳಿಗೆ ತೊಡಿಸುವ ವೇಷಭೂಷಣಗಳಿಗಾಗಿಯೇ 2023ರಲ್ಲಿ ಸುಮಾರು 70 ಕೋಟಿ ಡಾಲರ್ ವೆಚ್ಚವಾಗಬಹುದೆಂದು ಅಮೆರಿಕದ ರಾಷ್ಟ್ರೀಯ ಚಿಲ್ಲರೆ ವರ್ತಕರ ಒಕ್ಕೂಟವು ಅಂದಾಜಿಸಿತ್ತು.

ಕೊಳ್ಳುವವನ ಮನಸ್ಸು

ಈ ವೆಚ್ಚದ ಮೊದಲ ಕಾರಣ ಕೌಟುಂಬಿಕವಾದುದು. ಕುಟುಂಬಗಳು ಚಿಕ್ಕವಾಗಿ, ಮಕ್ಕಳು ದೂರದ ಊರುಗಳಿಗೆ ತೆರಳಿದಂತೆಲ್ಲ ಮನೆಯಂಗಳದಲ್ಲಿದ್ದ ಪ್ರಾಣಿ ನಡುಮನೆಗೆ ಬಂದಿದೆ. ಮನೆಮಂದಿಗೆಲ್ಲ ಉಡುಗೊರೆ ಕೊಡುವ ದಿನ ಅದೊಂದನ್ನು ಬಿಟ್ಟರೆ ಪಂಕ್ತಿಭೇದ ಮಾಡಿದಂತೆ ಒಡೆಯನಿಗೆ ತೋರುತ್ತದೆ. ಈ ಬಾಂಧವ್ಯ ಬರಿಯ ಕಲ್ಪನೆಯಲ್ಲ. ಜಪಾನಿನ ಅಜಾಬು ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿ ಮತ್ತು ಒಡೆಯ ಪರಸ್ಪರ ದಿಟ್ಟಿಸಿ ನೋಡುವಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಪ್ರಮಾಣ ಹೆಚ್ಚುವುದನ್ನು ದಾಖಲಿಸಿದರು. ತಾಯಿ ಮತ್ತು ಶಿಶುವಿನ ನಡುವಣ ಮಮತೆಯಲ್ಲಿ ಪಾತ್ರ ವಹಿಸುವ ಹಾರ್ಮೋನೂ ಇದೇ ಆಗಿದೆ.

ಎರಡನೆಯ ಕಾರಣ ಉಡುಗೊರೆಯ ಅರ್ಥಶಾಸ್ತ್ರಕ್ಕೆ ಸಂಬಂಧಿಸಿದುದು. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೋಗೆಲ್ 1993ರಲ್ಲಿ ಕ್ರಿಸ್‌ಮಸ್ ಉಡುಗೊರೆಗಳ ಬಗ್ಗೆ ಪ್ರಸಿದ್ಧ ಲೇಖನವೊಂದನ್ನು ಪ್ರಕಟಿಸಿದರು. ಪಡೆದವರು ಉಡುಗೊರೆಗೆ ಕಟ್ಟುವ ಬೆಲೆ ಕೊಟ್ಟವರು ತೆತ್ತ ಬೆಲೆಗಿಂತ ಕಡಿಮೆಯಿರುವುದರಿಂದ ಹತ್ತನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗಿನ ಮೌಲ್ಯ ವ್ಯರ್ಥವಾಗುತ್ತದೆ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಮನುಷ್ಯರಿಗೆ ಕೊಡುವ ಉಡುಗೊರೆಯಲ್ಲಿ ಈ ಆತಂಕ ಸದಾ ಇರುತ್ತದೆ. ಬಣ್ಣ ಹಿಡಿಸದೆ ಹೋದೀತು, ಅಳತೆ ತಪ್ಪೀತು, ತಂಗಿಗೆ ಕೊಟ್ಟದ್ದು ಅಕ್ಕನಿಗೆ ಕೊಟ್ಟದ್ದಕ್ಕಿಂತ ಕಡಿಮೆಯಾದೀತು. ನಾಯಿಯಾದರೋ ಬೆಲೆಚೀಟಿ ನೋಡುವುದಿಲ್ಲ, ಇನ್ನೊಂದರೊಡನೆ ಹೋಲಿಸುವುದಿಲ್ಲ, ಅಂಗಡಿಗೆ ಹಿಂದಿರುಗಿಸೆಂದು ಹೇಳುವುದಿಲ್ಲ. ಬಾಲವಾಡಿಸುವುದೇ ಅದರ ರಸೀದಿ. ಕೊಟ್ಟವನಿಗೆ ನಿರಾಶೆಯ ಅಪಾಯ ಇಷ್ಟು ಕಡಿಮೆಯಿರುವ ಉಡುಗೊರೆ ಮತ್ತೊಂದಿಲ್ಲ. ಆದುದರಿಂದ ಈ ಸರಕಿನ ಮೌಲ್ಯದ ದೊಡ್ಡ ಪಾಲು ಕೊಟ್ಟವನ ಸಂತೋಷದಲ್ಲಿಯೇ ಸಲ್ಲಿಕೆಯಾಗುತ್ತದೆ.

ಮೂರನೆಯದಾಗಿ, ದಿನವಿಡೀ ಪ್ರಾಣಿಯನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ದುಡಿಯಲು ಹೋಗುವವರ ಮನಸ್ಸಿನಲ್ಲಿ ಅಳುಕೊಂದು ಉಳಿದಿರುತ್ತದೆ. ಕೊಡಲಾರದ ಸಮಯದ ಬದಲಿಗೆ ವಸ್ತುವನ್ನು ಕೊಡುವುದು ಮಕ್ಕಳ ವಿಷಯದಲ್ಲಿ ಎಷ್ಟು ಸಹಜವೋ ಪ್ರಾಣಿಯ ವಿಷಯದಲ್ಲಿಯೂ ಅಷ್ಟೇ ಸಹಜ. ನಾಲ್ಕನೆಯದಾಗಿ, ನಾಯಿ ಕಾಗದ ಹರಿದು ಪೊಟ್ಟಣ ಬಿಚ್ಚುವ ನೋಟವೇ ಮನೆಮಂದಿಗೆ ಒಂದು ವಿನೋದ. ಅದರ ಛಾಯಾಚಿತ್ರ ಬಂಧುಮಿತ್ರರಿಗೆಲ್ಲ ತಲಪುವ ಈ ಕಾಲದಲ್ಲಿ ಉಡುಗೊರೆಯ ರೂಪಕ್ಕೆ ಅದರ ಉಪಯೋಗದಷ್ಟೇ ಬೆಲೆ ಬಂದಿದೆ.

ಐದನೆಯ ಕಾರಣ ಮನಸ್ಸಿನ ಲೆಕ್ಕಪುಸ್ತಕಕ್ಕೆ ಸೇರಿದ್ದು. ಜನರು ತಮ್ಮ ಹಣವನ್ನೆಲ್ಲ ಒಂದೇ ಖಾತೆಯಲ್ಲಿಟ್ಟು ಯೋಚಿಸುವುದಿಲ್ಲ, ದಿನಸಿಗೊಂದು, ಹಬ್ಬಕ್ಕೊಂದು ಎಂದು ಮನಸ್ಸಿನಲ್ಲೇ ಬೇರೆ ಬೇರೆ ಖಾತೆ ಇಡುತ್ತಾರೆಂದು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಲ್ಲಿ ವಿವರಿಸಿದರು. ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ತಿಂಗಳ ನಾಯಿ ಆಹಾರ ಕೊಳ್ಳುವಾಗ ಹತ್ತು ರೂಪಾಯಿಗೂ ಚೌಕಾಸಿ ಮಾಡುವ ಗ್ರಾಹಕನೇ ಹಬ್ಬದ ಡಬ್ಬಿಗೆ ನೂರು ರೂಪಾಯಿ ಹೆಚ್ಚು ತೆರಲು ಹಿಂಜರಿಯದಿರುವುದು ಇದರಿಂದಾಗಿಯೇ. ಬಿಸ್ಕತ್ತು ಅದೇ ಆದರೂ ಹಣ ಬರುವ ಖಾತೆ ಬೇರೆ.

ಎತ್ತಿನ ಕೊಂಬಿನ ಬಣ್ಣ

ಇದೆಲ್ಲ ಪರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ಹಳೆಯ ಮೈಸೂರು ಭಾಗದಲ್ಲಿ ಸಂಕ್ರಾಂತಿಗೆ ರಾಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಸಂಜೆ ಕಿಚ್ಚು ಹಾಯಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆಯಂದು ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುತ್ತಾರೆ. ದೀಪಾವಳಿಯ ಬಲಿಪಾಡ್ಯಮಿಯಂದು ಗೋಪೂಜೆ ನಡೆಯುತ್ತದೆ. ಈ ಹಬ್ಬಗಳ ಹಿಂದಿನ ವಾರದ ಸಂತೆಗಳಲ್ಲಿ ಹೊಸ ಹಗ್ಗ, ಮೂಗುದಾರ, ಗೊಂಡೆ, ಗಂಟೆ, ಕೊಂಬಿನ ಬಣ್ಣಗಳ ಮಾರಾಟ ಭರದಿಂದ ಸಾಗುತ್ತದೆ. ನೆರೆಯ ನೇಪಾಳದಲ್ಲಿ ತಿಹಾರ್ ಹಬ್ಬದ ಎರಡನೆಯ ದಿನವಾದ ‘ಕುಕುರ್ ತಿಹಾರ್’ನಂದು ನಾಯಿಗಳ ಹಣೆಗೆ ತಿಲಕವಿಟ್ಟು, ಹೂಮಾಲೆ ಹಾಕಿ, ತಿನಿಸು ನೀಡುತ್ತಾರೆ.

ಎತ್ತಿಗೂ ತನ್ನ ಕೊಂಬಿನ ಬಣ್ಣ ಕಾಣದು. ಆ ಬಣ್ಣವನ್ನು ಕಾಣುವವರು ಊರಿನ ಜನ. ಕೃತಜ್ಞತೆ, ಮನೆಯ ಘನತೆ, ಹಬ್ಬದ ಸಂಭ್ರಮ ಮೂರೂ ಸೇರಿ ರೈತನ ಕೈಯಿಂದ ಆ ಹಣ ಖರ್ಚಾಗುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಇಲ್ಲಿ ಮರೆಯಬಾರದು. ಎತ್ತು ದುಡಿಯುವ ಪ್ರಾಣಿಯಾದುದರಿಂದ ಅದಕ್ಕೆ ಮಾಡಿದ ಸಿಂಗಾರ ವರ್ಷದ ದುಡಿಮೆಗೆ ಸಂದ ಮರ್ಯಾದೆ. ನಗರದ ನಾಯಿ ದುಡಿಯುವುದಿಲ್ಲ, ಜೊತೆಗಿರುವುದೇ ಅದರ ಕೆಲಸ. ಮರ್ಯಾದೆಯ ಜಾಗಕ್ಕೆ ಮಮತೆ ಬಂದಿದೆಯೇ ಹೊರತು ಕೊಡಬೇಕೆನ್ನುವ ಒತ್ತಾಸೆ ಹಳೆಯದೇ.

ಅಂಗಡಿಯ ಪಾತ್ರ

ಗ್ರಾಹಕನ ಮಮತೆ ತಾನಾಗಿ ವ್ಯಾಪಾರವಾಗುವುದಿಲ್ಲ. ಅದನ್ನು ವರ್ಷವಿಡೀ ಪೋಷಿಸಿದ ಸಂಸ್ಥೆಗಳು ಹಬ್ಬದಲ್ಲಿ ಫಲ ಪಡೆದಿವೆ. ಅಮೆರಿಕದಲ್ಲಿ 2011ರಲ್ಲಿ ಆರಂಭವಾದ ‘ಚೂಯಿ’ ಎಂಬ ಅಂತರ್ಜಾಲ ಅಂಗಡಿ ತನ್ನ ಗ್ರಾಹಕರಿಗೆ ಕೈಬರಹದ ಶುಭಾಶಯ ಪತ್ರಗಳನ್ನು ಕಳುಹಿಸುವುದಕ್ಕೂ, ಕೆಲವರಿಗೆ ಅವರ ಪ್ರಾಣಿಯ ವರ್ಣಚಿತ್ರವನ್ನೇ ಬರೆಸಿ ಕಳುಹಿಸುವುದಕ್ಕೂ ಹೆಸರಾಯಿತು. 2017ರಲ್ಲಿ ‘ಪೆಟ್‌ಸ್ಮಾರ್ಟ್’ ಸಂಸ್ಥೆಯು ಅದನ್ನು 335 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಅದೇ 2011ರಲ್ಲಿ ಹುಟ್ಟಿದ ‘ಬಾರ್ಕ್‌ಬಾಕ್ಸ್’ ಪ್ರತಿ ತಿಂಗಳೂ ಹೊಸ ವಿಷಯವನ್ನಾಧರಿಸಿದ ಆಟಿಕೆ ಮತ್ತು ತಿನಿಸುಗಳ ಪೆಟ್ಟಿಗೆಯನ್ನು ಮನೆಗೆ ತಲಪಿಸುವ ಚಂದಾ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಹಬ್ಬ ವರ್ಷಕ್ಕೊಂದು ಸಲ ಬಂದರೆ ಪೆಟ್ಟಿಗೆ ಹನ್ನೆರಡು ಸಲ ಬರುತ್ತದೆ.

ಹೊಸ ಆಟಿಕೆಯ ಬೇಡಿಕೆಗೆ ಪ್ರಾಣಿಯ ಸ್ವಭಾವವೂ ನೆರವಾಗುತ್ತದೆ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಜಾನ್ ಬ್ರಾಡ್‌ಷಾ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಯಿಗಳು ಒಂದೇ ಆಟಿಕೆಯಲ್ಲಿ ಬೇಗನೆ ಆಸಕ್ತಿ ಕಳೆದುಕೊಳ್ಳುತ್ತವೆ, ಬೇರೊಂದನ್ನು ಕೊಟ್ಟಾಗ ಮತ್ತೆ ಆಡಲಾರಂಭಿಸುತ್ತವೆ. ವರ್ತಕನಿಗೆ ಇದು ಸಂತಸದ ಸುದ್ದಿ. ಆದರೆ ಹಳೆಯ ಆಟಿಕೆಯನ್ನು ಕೆಲಕಾಲ ಎತ್ತಿಟ್ಟು ಮರಳಿ ಕೊಡಬಹುದೆಂದು ಗ್ರಾಹಕನಿಗೆ ತಾನಾಗಿಯೇ ತಿಳಿಸುವ ಅಂಗಡಿಕಾರನು ಒಂದು ಮಾರಾಟ ಕಳೆದುಕೊಂಡರೂ ಗ್ರಾಹಕನನ್ನು ಉಳಿಸಿಕೊಳ್ಳುತ್ತಾನೆ.

ಮಾತು ಬಾರದ ಬಳಕೆದಾರ

ಈ ವ್ಯಾಪಾರದ ಅತ್ಯಂತ ಗಂಭೀರ ಅಂಶವಿರುವುದು ಇಲ್ಲಿಯೇ. ಕೊಳ್ಳುವವನು ಸರಕಿನ ರುಚಿ ನೋಡಲಾರ, ಬಳಸುವ ಪ್ರಾಣಿ ದೂರು ಹೇಳಲಾರದು. ಇಬ್ಬರ ನಡುವೆ ಉಳಿಯುವುದು ತಯಾರಕನ ಮೇಲಿನ ನಂಬಿಕೆ ಮಾತ್ರ.

ಆ ನಂಬಿಕೆ ಒಡೆದರೆ ಏನಾಗುವುದೆಂಬುದನ್ನು 2007ರ ಘಟನೆ ಲೋಕಕ್ಕೆ ತೋರಿಸಿತು. ಆ ವರ್ಷದ ಮಾರ್ಚ್‌ನಲ್ಲಿ ಉತ್ತರ ಅಮೆರಿಕದ ಮಾರುಕಟ್ಟೆಯಿಂದ ಸುಮಾರು 6 ಕೋಟಿ ಡಬ್ಬಿ ಹಾಗೂ ಪೊಟ್ಟಣಗಳಷ್ಟು ನಾಯಿ-ಬೆಕ್ಕುಗಳ ಆಹಾರವನ್ನು ಹಿಂದಕ್ಕೆ ಪಡೆಯಬೇಕಾಯಿತು. ಚೀನಾದಿಂದ ಆಮದಾದ ಗೋಧಿಯ ಗ್ಲೂಟನ್‌ನಲ್ಲಿ ಮೆಲಮಿನ್ ಎಂಬ ರಾಸಾಯನಿಕ ಬೆರೆತಿದ್ದುದು ಪತ್ತೆಯಾಯಿತು. ಮೆಲಮಿನ್‌ನಲ್ಲಿ ಸಾರಜನಕ ಹೆಚ್ಚಾಗಿರುವುದರಿಂದ ಪರೀಕ್ಷೆಯಲ್ಲಿ ಪ್ರೋಟೀನ್ ಪ್ರಮಾಣ ಹೆಚ್ಚಿದಂತೆ ತೋರುತ್ತದೆ. ಮೂತ್ರಪಿಂಡ ಕೆಟ್ಟು ಅನೇಕ ಪ್ರಾಣಿಗಳು ಸತ್ತವು. ಒಂದೇ ಕಚ್ಚಾ ಸರಕನ್ನು ಬಳಸಿದ್ದ ಹತ್ತಾರು ಬ್ರಾಂಡ್‌ಗಳು ಏಕಕಾಲಕ್ಕೆ ಕಳಂಕಿತವಾದವು. ಮುಂದೆ ಅಮೆರಿಕವು 2011ರ ಆಹಾರ ಸುರಕ್ಷತಾ ಆಧುನೀಕರಣ ಕಾಯಿದೆಯ ವ್ಯಾಪ್ತಿಗೆ ಪ್ರಾಣಿ ಆಹಾರವನ್ನೂ ತಂದಿತು. ಐರೋಪ್ಯ ಒಕ್ಕೂಟಕ್ಕೆ ಚರ್ಮದ ಅಗಿಯುವ ತಿನಿಸು ಮುಂತಾದ ಪ್ರಾಣಿಜನ್ಯ ಸರಕು ಕಳುಹಿಸಬೇಕಾದರೆ ಕಾರ್ಖಾನೆಗೆ ಒಕ್ಕೂಟದ ಅನುಮೋದನೆಯಿರಬೇಕು. ಸರಕನ್ನು ಶಾಖದಿಂದ ಸಂಸ್ಕರಿಸಿ ಸಾಲ್ಮೊನೆಲ್ಲಾ ರೋಗಾಣುವಿಗಾಗಿ ಪರೀಕ್ಷಿಸಿರಬೇಕು.

ಹಬ್ಬದ ಕಾಲದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಚಾಕೊಲೇಟ್‌ನಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷಕಾರಿ. ದ್ರಾಕ್ಷಿ ಹಾಗೂ ಒಣದ್ರಾಕ್ಷಿ ಅದರ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಸಕ್ಕರೆರಹಿತ ಸಿಹಿಗಳಲ್ಲಿ ಬಳಸುವ ಝೈಲಿಟಾಲ್ ಅಲ್ಪ ಪ್ರಮಾಣದಲ್ಲಿಯೂ ಅಪಾಯಕಾರಿ. ಮನೆಯಲ್ಲಿ ಲಾಡು ಕಟ್ಟಿದ ದಿನ ಪ್ರೀತಿಯಿಂದ ಒಂದನ್ನು ನಾಯಿಗೂ ಹಾಕುವ ರೂಢಿ ಉಂಟು. ಅದರ ಬದಲಿಗೆ ಪ್ರಾಣಿಗೆ ಒಗ್ಗುವ ತಿನಿಸೊಂದನ್ನು ಮಾರುವ ವರ್ತಕನು ವ್ಯಾಪಾರದ ಜೊತೆಗೆ ಉಪಕಾರವನ್ನೂ ಮಾಡಿದಂತಾಗುತ್ತದೆ. ಕಿತ್ತುಬರುವ ಗುಂಡಿ, ಮಣಿ, ತಂತಿಗಳಿಲ್ಲದ ಆಟಿಕೆ, ಜೊಲ್ಲಿಗೆ ಬಣ್ಣ ಬಿಡದ ಬಟ್ಟೆ, ಸೀಳದ ಮರ ಇವು ಈ ಉದ್ಯಮದ ಕನಿಷ್ಠ ಶಿಸ್ತು.

ಸಣ್ಣ ಉತ್ಪಾದಕನ ಲೆಕ್ಕ

ಭಾರತಕ್ಕೆ ಈ ಕ್ಷೇತ್ರ ಅಪರಿಚಿತವಲ್ಲ. ಕಾನ್ಪುರದ ಚರ್ಮೋದ್ಯಮವು ಬಹುಕಾಲದಿಂದ ಕುದುರೆಯ ಜೀನು, ಕೊರಳಪಟ್ಟಿಗಳ ಜೊತೆಗೆ ನಾಯಿಗಳು ಅಗಿಯುವ ಚರ್ಮದ ತಿನಿಸುಗಳನ್ನೂ ರಫ್ತು ಮಾಡುತ್ತಿದೆ. ನೇಪಾಳದ ಗುಡ್ಡಗಾಡಿನ ಗಟ್ಟಿ ಗಿಣ್ಣಾದ ‘ಛುರ್ಪಿ’ ನಾಯಿಗಳ ಅಗಿಯುವ ತಿನಿಸಾಗಿ ಅಮೆರಿಕದ ಮಾರುಕಟ್ಟೆಯನ್ನು ಮುಟ್ಟಿದೆ. ಕರ್ನಾಟಕದಲ್ಲಿ ಸಿದ್ಧ ಉಡುಪು ಕಾರ್ಖಾನೆಗಳ ತುಂಡು ಬಟ್ಟೆ, ತೆಂಗಿನ ಸೀಮೆಯ ನಾರು, ಗಂಟೆ-ಗೆಜ್ಜೆ ತಯಾರಿಸುವ ಲೋಹಗಾರರ ಕೈಚಳಕ ಇವೆಲ್ಲವೂ ಲಭ್ಯವಿವೆ. ಹೆಣೆದ ಬಟ್ಟೆಯ ಆಟಿಕೆ, ನಾರಿನ ಹಾಸಿಗೆ, ಕೊರಳಪಟ್ಟಿಯ ಗೆಜ್ಜೆಗಳಿಗೆ ಭಾರಿ ಯಂತ್ರೋಪಕರಣ ಬೇಕಿಲ್ಲ. ಚನ್ನಪಟ್ಟಣದ ಅರಗಿನ ಕೆಲಸವನ್ನು ನಾಯಿ ಕಚ್ಚುವ ಆಟಿಕೆಗೆ ಬಳಸುವುದು ತರವಲ್ಲ. ಪ್ರಾಣಿಯ ಹೆಸರು ಬರೆದ ಅಲಂಕಾರದ ತೂಗುಬಿಲ್ಲೆಗೆ ಅದು ಒಪ್ಪುತ್ತದೆ.

ಹಬ್ಬದ ಸರಕಿನ ಮುಖ್ಯ ಅಪಾಯ ಕಾಲಮಿತಿ. ಉದಾಹರಣೆಗೆ, ಒಂದು ಆಟಿಕೆಯ ತಯಾರಿಕಾ ವೆಚ್ಚ 60 ರೂಪಾಯಿ, ಸಗಟು ಬೆಲೆ 100 ರೂಪಾಯಿ ಎಂದೂ, 1,000 ಆಟಿಕೆ ತಯಾರಾಗಿವೆ ಎಂದೂ ಭಾವಿಸಬಹುದು. ಆಟಿಕೆಯ ಮೇಲೆಯೇ ಹಬ್ಬದ ಚಿತ್ರವಿದ್ದು, 600 ಮಾತ್ರ ಖರ್ಚಾಗಿ, ಉಳಿದ 400ನ್ನು ತಲಾ 30 ರೂಪಾಯಿಗೆ ವಿಲೇವಾರಿ ಮಾಡಬೇಕಾಗಿ ಬಂದರೆ ಒಟ್ಟು ಹುಟ್ಟುವಳಿ 72,000 ರೂಪಾಯಿ, ಲಾಭ 12,000 ರೂಪಾಯಿ. ಅದರ ಬದಲು ಸಾದಾ ಆಟಿಕೆಗೆ 3 ರೂಪಾಯಿಯ ಹಬ್ಬದ ಕಾಗದದ ಪಟ್ಟಿ ಸುತ್ತಿ ಮಾರಿ, ಉಳಿದವುಗಳ ಪಟ್ಟಿ ತೆಗೆದು ತಲಾ 90 ರೂಪಾಯಿಗೆ ಮಾಮೂಲು ಸರಕಾಗಿ ಮಾರಿದರೆ ಹುಟ್ಟುವಳಿ 96,000 ರೂಪಾಯಿ, ವೆಚ್ಚ 63,000 ರೂಪಾಯಿ, ಲಾಭ 33,000 ರೂಪಾಯಿ. ಹಬ್ಬವು ಹೊದಿಕೆಯ ಮೇಲಿರಲಿ, ಸರಕಿನ ಮೇಲೆ ಬೇಡ ಎಂಬುದೇ ಈ ಲೆಕ್ಕದ ಸಾರ.

ರಫ್ತುದಾರನಿಗೆ ಕ್ಯಾಲೆಂಡರ್ ಇನ್ನೂ ಮುಂಚಿತವಾಗಿ ಆರಂಭವಾಗುತ್ತದೆ. ಸರಕು ಅಕ್ಟೋಬರ್‌ನಲ್ಲಿ ಅಂಗಡಿ ಸೇರಬೇಕಾದರೆ ಮಳೆಗಾಲ ಮುಗಿಯುವ ಮೊದಲೇ ಹಡಗು ಏರಬೇಕು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಆರಂಭವಾದಾಗ ಅನೇಕ ಹಡಗುಗಳು ಆಫ್ರಿಕಾದ ತುದಿಯನ್ನು ಬಳಸಿ ಸಾಗಬೇಕಾಗಿ ಬಂದು ಪ್ರಯಾಣ ದೀರ್ಘವಾಯಿತು. ಡಿಸೆಂಬರ್ 26ರಂದು ತಲಪಿದ ಕ್ರಿಸ್‌ಮಸ್ ಸರಕಿಗೆ ಬೆಲೆಯಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕವು ಅನೇಕ ಭಾರತೀಯ ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಶೇ. 50ಕ್ಕೆ ಏರಿಸಿದ್ದು ಒಂದೇ ದೇಶವನ್ನು ನೆಚ್ಚುವುದು ಎಷ್ಟು ಅಪಾಯಕರ ಎಂಬುದನ್ನು ಮನಗಾಣಿಸಿತು. ಖರೀದಿದಾರರನ್ನು ನೇರವಾಗಿ ಕಾಣಲು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಎರಡು ವರ್ಷಗಳಿಗೊಮ್ಮೆ ನಡೆಯುವ ‘ಇಂಟರ್‌ಝೂ’ ಹಾಗೂ ಅಮೆರಿಕದ ಆರ್ಲ್ಯಾಂಡೊದಲ್ಲಿ ನಡೆಯುವ ‘ಗ್ಲೋಬಲ್ ಪೆಟ್ ಎಕ್ಸ್‌ಪೋ’ ಮೇಳಗಳು ಸಹಕಾರಿ.

ಮನೆಬಾಗಿಲಿನ ಮಾರುಕಟ್ಟೆ

ದೇಶದೊಳಗಿನ ಬೇಡಿಕೆಯೂ ಬೆಳೆಯುತ್ತಿದೆ. ದೆಹಲಿಯಲ್ಲಿ 2008ರಲ್ಲಿ ರಾಶಿ ನಾರಂಗ್ ಆರಂಭಿಸಿದ ‘ಹೆಡ್ಸ್ ಅಪ್ ಫಾರ್ ಟೇಲ್ಸ್’ ಹಲವು ನಗರಗಳಿಗೆ ವಿಸ್ತರಿಸಿತು. ಬೆಂಗಳೂರಿನಲ್ಲಿ 2021ರಲ್ಲಿ ‘ಸೂಪರ್‌ಟೇಲ್ಸ್’ ಹುಟ್ಟಿಕೊಂಡಿತು. 2025ರಲ್ಲಿ ನೆಸ್ಲೆ ಸಂಸ್ಥೆಯು ಭಾರತದ ‘ಡ್ರೂಲ್ಸ್’ನಲ್ಲಿ ಅಲ್ಪ ಪಾಲು ಪಡೆಯಿತು. ಅದೇ ವರ್ಷ ಗೋದ್ರೆಜ್ ಸಮೂಹವೂ ನಾಯಿ ಆಹಾರದ ಮಾರುಕಟ್ಟೆಗೆ ಇಳಿಯಿತು. ಇಂತಹ ದೊಡ್ಡ ಬಂಡವಾಳದೊಡನೆ ದಿನನಿತ್ಯದ ಆಹಾರದಲ್ಲಿ ಸ್ಪರ್ಧಿಸುವುದು ಸಣ್ಣ ಘಟಕಗಳಿಗೆ ಕಷ್ಟ. ಆದರೆ ಹೆಸರು ಕಸೂತಿ ಮಾಡಿದ ಕೊರಳವಸ್ತ್ರ, ದೀಪಾವಳಿಯ ಉಡುಗೊರೆ ಬುಟ್ಟಿ, ಊರಿನ ಹದಕ್ಕೆ ತಕ್ಕ ಸಣ್ಣ ಪ್ರಮಾಣದ ಆಟಿಕೆ ಇವುಗಳಲ್ಲಿ ಚಿಕ್ಕವನಿಗೇ ಅನುಕೂಲ ಹೆಚ್ಚು. ಆಹಾರ ತಯಾರಿಸುವವರು ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 11968 ಮಾನಕವನ್ನು ಓದಿಕೊಳ್ಳುವುದು ಒಳಿತು. ಚಿಲ್ಲರೆ ಮಾರಾಟದ ನಾಯಿ-ಬೆಕ್ಕು ಆಹಾರಕ್ಕೆ ಎಚ್.ಎಸ್.ಎನ್. 2309 ಶೀರ್ಷಿಕೆ ಅನ್ವಯಿಸುತ್ತದೆ.

ಒಂದು ಮಿತಿಯನ್ನು ಈ ವ್ಯಾಪಾರ ದಾಟಬಾರದು. ಪ್ರಾಣಿಗೆ ಉಡುಗೊರೆ ಕೊಡುವುದು ಬೇರೆ, ಪ್ರಾಣಿಯನ್ನೇ ಉಡುಗೊರೆಯಾಗಿ ಕೊಡುವುದು ಬೇರೆ. ಕ್ರಿಸ್‌ಮಸ್‌ಗೆಂದು ತಂದ ಮರಿಗಳು ಕೆಲವೇ ವಾರಗಳಲ್ಲಿ ಬೀದಿಪಾಲಾಗುತ್ತಿದ್ದುದನ್ನು ಕಂಡು ಬ್ರಿಟನ್ನಿನ ಶ್ವಾನ ರಕ್ಷಣಾ ಸಂಘದ ಕ್ಲಾರಿಸಾ ಬಾಲ್ಡ್ವಿನ್ 1978ರಲ್ಲಿ, ನಾಯಿ ಬಾಳಿನುದ್ದಕ್ಕೂ ಜೊತೆಗಿರುವಂಥದ್ದು, ಬರಿಯ ಕ್ರಿಸ್‌ಮಸ್‌ಗಲ್ಲ ಎಂಬ ಅರ್ಥದ ಘೋಷಣೆಯನ್ನು ಬಳಕೆಗೆ ತಂದರು. ಭಾರತದಲ್ಲಿ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ಪ್ರಾಣಿ ಮಾರುವ ಅಂಗಡಿಗಳಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿವೆ. ಬೀದಿಗೆ ಬಿದ್ದ ನಾಯಿಗೆ ಯಾರೂ ಆಟಿಕೆ ಕೊಳ್ಳುವುದಿಲ್ಲವಾದುದರಿಂದ ಇದು ಕರುಣೆಯ ಮಾತಷ್ಟೇ ಅಲ್ಲ, ವ್ಯಾಪಾರದ ಮಾತೂ ಹೌದು.

ಒಟ್ಟಿನಲ್ಲಿ, ಸಾಕುಪ್ರಾಣಿಯ ಹಬ್ಬದ ಉಡುಗೊರೆಯಲ್ಲಿ ಮಾರಾಟವಾಗುವುದು ಮುಖ್ಯವಾಗಿ ಒಡೆಯನ ಸಂತೋಷ. ಅದಕ್ಕೆ ಹೊಣೆಯಾಗಿ ನಿಲ್ಲುವುದು ಪ್ರಾಣಿಯ ಆರೋಗ್ಯ. ಮೊದಲನೆಯದನ್ನು ಹೊದಿಕೆ, ಹೆಸರು, ಬಣ್ಣಗಳಿಂದ ಗಳಿಸಬಹುದು. ಎರಡನೆಯದನ್ನು ಕಚ್ಚಾ ಸರಕಿನ ಆಯ್ಕೆ ಹಾಗೂ ಪರೀಕ್ಷೆಯಿಂದ ಮಾತ್ರ ಕಾಪಾಡಲು ಸಾಧ್ಯ. ಈ ಕ್ಷೇತ್ರಕ್ಕೆ ಕಾಲಿಡಬಯಸುವ ವರ್ತಕರು ಮೊದಲ ವರ್ಷ ಒಂದೆರಡು ಸರಕುಗಳನ್ನಷ್ಟೇ ಸಣ್ಣ ಪ್ರಮಾಣದಲ್ಲಿ ತಯಾರಿಸಿ, ತಮ್ಮ ಊರಿನ ಪಶುವೈದ್ಯರಿಗೆ ತೋರಿಸಿ, ಅವರ ಸಲಹೆ ಪಡೆದು ಮುಂದುವರಿಯುವುದು ಲೇಸು.